ನೆರವಿಗೆ ಹೋದವರಿಗೆ ಅನ್ನ ಬಡಿಸಿದವರು

ವಿದೇಶದಲ್ಲಿ ಸ್ವಯಂಸೇವೆ ಮಾಡಿ ಬಂದವರನ್ನು ನಾವು ಮೊದಲು ಕೇಳುವುದು, 'ಅಲ್ಲಿ ಏನು ಕೆಲಸ ಮಾಡಿದಿರಿ?' ಎಂದು. ಅವರನ್ನು ಕಳಿಸಿದ ಸಂಸ್ಥೆಗಳೂ ಅದನ್ನೇ ಕೇಳುತ್ತವೆ. ಎಷ್ಟು ಮಕ್ಕಳಿಗೆ ಪಾಠ ಹೇಳಿದರು, ಎಷ್ಟು ಸಸಿ ನೆಟ್ಟರು, ಎಷ್ಟು ಶೌಚಾಲಯ ಕಟ್ಟಿಸಿದರು ಎಂಬುದೆಲ್ಲ ವರದಿಯಲ್ಲಿ ಬರುತ್ತದೆ. ಆದರೆ ಅಷ್ಟು ದಿನವೂ ಅವರು ಯಾರ ಮನೆಯಲ್ಲಿ ಉಂಡರು, ಆ ಮನೆಯಲ್ಲಿ ಯಾರು ಬೆಳಗಿನ ಜಾವ ಎದ್ದು ಅವರಿಗಾಗಿ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿದರು ಎಂಬುದು ವರದಿಯ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆಯಾಗಿ ಮುಗಿದುಹೋಗುತ್ತದೆ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಪರಊರಿನ ಮನೆಯೊಂದರ ದಿನಚರಿಗೆ ಹೊಂದಿಕೊಳ್ಳುವುದನ್ನು ಸೇವೆಗೆ ಮುಂಚಿನ ತಯಾರಿ ಎಂದು ತಿಳಿಯುವುದು ರೂಢಿ. ಬಹುಪಾಲು ಸ್ವಯಂಸೇವಕರ ಮಟ್ಟಿಗೆ ಅವರ ಇಡೀ ವಾಸ್ತವ್ಯದಲ್ಲಿ ಗಟ್ಟಿಯಾಗಿ ನಿಲ್ಲುವ ಕೆಲಸ ಅದೊಂದೇ. ಆ ಕೆಲಸದ ಹೆಚ್ಚಿನ ಭಾರ ಬೀಳುವುದು ಹೋದವರ ಮೇಲಲ್ಲ, ಮನೆಯ ಹೆಂಗಸರ ಮೇಲೆ.

ಪರದೇಶಿ ಯುವಕರನ್ನು ಸಾಮಾನ್ಯ ಸಂಸಾರಗಳ ಮನೆಯಲ್ಲಿ ಇರಿಸುವ ಪದ್ಧತಿಗೆ ಸುಮಾರು ತೊಂಬತ್ತು ವರ್ಷಗಳ ಇತಿಹಾಸವಿದೆ. ಅಮೆರಿಕದ ಡೊನಾಲ್ಡ್ ವಾಟ್ ಎಂಬಾತ 1932ರಲ್ಲಿ 'ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್' ಎಂಬ ಪ್ರಯೋಗ ಶುರುಮಾಡಿದ. ಒಂದು ದೇಶವನ್ನು ತಿಳಿಯಬೇಕಾದರೆ ಅಲ್ಲಿನ ಹೋಟೆಲಿನಲ್ಲಿ ಇಳಿದುಕೊಳ್ಳದೆ ಅಲ್ಲಿಯ ಮನೆಯವರ ಜೊತೆ ಒಂದೇ ಮೇಜಿನಲ್ಲಿ ಉಣ್ಣಬೇಕು ಎಂಬುದು ಆತನ ನಂಬಿಕೆ. ಆ ಪ್ರಯೋಗದಲ್ಲಿ 1934ರಲ್ಲಿ ಜರ್ಮನಿಗೆ ಹೋಗಿಬಂದ ಹುಡುಗರಲ್ಲಿ ಸಾರ್ಜೆಂಟ್ ಶ್ರೈವರ್ ಒಬ್ಬ. ಮುಂದೆ ಆತ ಜಾನ್ ಕೆನಡಿಯ ತಂಗಿಯ ಗಂಡನಾದ. 1961ರ ಮಾರ್ಚ್ 1ರಂದು ಅಧ್ಯಕ್ಷ ಕೆನಡಿ ಪೀಸ್ ಕೋರ್ ಎಂಬ ಸ್ವಯಂಸೇವಾ ಸಂಸ್ಥೆಯನ್ನು ಸ್ಥಾಪಿಸಿದಾಗ ಅದರ ಮೊದಲ ನಿರ್ದೇಶಕನೂ ಆದ. ಅಂದಿನಿಂದ ಈವರೆಗೆ 2,40,000ಕ್ಕೂ ಹೆಚ್ಚು ಅಮೆರಿಕನ್ನರು ಪೀಸ್ ಕೋರ್ ಮೂಲಕ ಹೊರದೇಶಗಳಿಗೆ ಹೋಗಿದ್ದಾರೆ. 1961ರಿಂದ 1976ರವರೆಗೆ ಅವರು ಭಾರತಕ್ಕೂ ಬಂದರು, ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದರು. ಇಂದು ಪೀಸ್ ಕೋರ್‌ನ ತರಬೇತಿಯ ಮೊದಲ ಮೂರು ತಿಂಗಳು ಬಹುತೇಕ ಕಡೆ ಆತಿಥೇಯ ಕುಟುಂಬದಲ್ಲೇ ಕಳೆಯುತ್ತದೆ. ಕೆಲವು ದೇಶಗಳಲ್ಲಿ ಅಲ್ಲಿಂದಾಚೆಯ ಎರಡು ವರ್ಷವೂ ಹಾಗೆಯೇ.

ಅಂಥ ಒಂದು ಮನೆಯನ್ನು ಹತ್ತಿರದಿಂದ ನೋಡೋಣ. ನೇಪಾಳದ ನಡುಬೆಟ್ಟಗಳ ಹಳ್ಳಿ. ಕೆಳಗೆ ಅಡುಗೆಮನೆ, ಮೇಲೆ ಮಲಗುವ ಕೋಣೆ ಮತ್ತು ಕಾಳು ಹಾಕಿಡುವ ಅಟ್ಟ. ಅಂಗಳದಂಚಿಗೆ ಎಮ್ಮೆಯ ಕೊಟ್ಟಿಗೆ. ಬೆಳಿಗ್ಗೆ ಎದ್ದ ಕೂಡಲೇ ಚಹಾ ಸಿಗುತ್ತದೆ, ತಿಂಡಿ ಸಿಗುವುದಿಲ್ಲ. ಒಂಬತ್ತು–ಒಂಬತ್ತೂವರೆಗೆ ಪೂರ್ತಿ ಊಟ: ತಟ್ಟೆ ತುಂಬ ಅನ್ನ, ಬೇಳೆ, ತರಕಾರಿ, ಒಂದಿಷ್ಟು ಉಪ್ಪಿನಕಾಯಿ; ತರಕಾರಿ ಇಲ್ಲದ ದಿನಗಳಲ್ಲಿ ಹುಳಿಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್. ಶಾಲೆ ಹತ್ತಕ್ಕೆ ಶುರು. ಮಧ್ಯಾಹ್ನ ಏನಾದರೂ ಕುರುಕಲು; ರಾತ್ರಿ ಮತ್ತೆ ಅದೇ ಅನ್ನ, ಬೇಳೆ. ವರ್ಷವಿಡೀ ಹೀಗೆಯೇ. ಇಡ್ಲಿ, ಉಪ್ಪಿಟ್ಟಿಗೆ ಒಗ್ಗಿದ ನಮ್ಮ ಹೊಟ್ಟೆಯೂ ಮೊದಲ ವಾರ ತಕರಾರು ತೆಗೆದೀತು. ಸೀರಿಯಲ್ಲಿಗೂ ಸ್ಯಾಂಡ್‌ವಿಚ್ಚಿಗೂ ಒಗ್ಗಿದ ಇಪ್ಪತ್ತೆರಡರ ಅಮೆರಿಕನ್ ಹುಡುಗಿಯ ಪಾಡು ಹೇಳಬೇಕಿಲ್ಲ.

ಹೊಟ್ಟೆಯನ್ನು ಪಳಗಿಸಬಹುದು, ಕೈಯನ್ನು ಪಳಗಿಸುವುದೇ ಕಷ್ಟ. ಎಡಗೈಯಲ್ಲಿ ಏನನ್ನೂ ಕೊಡಬಾರದು. ತನ್ನ ತಟ್ಟೆಗೆ ತಾಗಿದ ಸೌಟು ಪಾತ್ರೆಗೆ ಮರಳಬಾರದು. ಹಂಚಿ ಕುಡಿಯುವ ತಂಬಿಗೆಗೆ ತುಟಿ ತಾಗಿಸಬಾರದು, ಎತ್ತಿ ಕುಡಿಯಬೇಕು. ಎಂಜಲು ಎಂದರೇನು ಎಂದು ಕನ್ನಡದ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ; ನಮ್ಮ ಅಜ್ಜಿಯರು ಅದನ್ನು ಬೈದೇ ಕಲಿಸಿದ್ದಾರೆ. ಆದರೆ ಒಂದೇ ಬಾಟಲಿಯಿಂದ ಗೆಳೆಯರೆಲ್ಲ ಗುಟುಕರಿಸಿ ಬೆಳೆದವರಿಗೆ ಇದು ಕಾಣದ ಗೆರೆ. ಸ್ನಾನವೋ, ಊರಿನ ಧಾರಾದಲ್ಲಿ, ಅಂದರೆ ಬಯಲಿನ ನಲ್ಲಿಯ ಬುಡದಲ್ಲಿ. ಎದೆಯ ಮೇಲಕ್ಕೆ ಲಂಗ ಬಿಗಿದು, ಊರ ಹೆಂಗಸರೆಲ್ಲ ಬಟ್ಟೆ ಒಗೆಯುತ್ತಿರುವಾಗ, ಮೈ ಒದ್ದೆಯಾಗಿಸಿಕೊಂಡು, ಲಂಗ ಜಾರದ ಹಾಗೆ ಒಣಬಟ್ಟೆ ಬದಲಿಸಿಕೊಳ್ಳುವ ವಿದ್ಯೆ. ವಿಶ್ವವಿದ್ಯಾಲಯದ ಪದವಿ ಪಡೆದು ಬಂದವಳಿಗೆ ಅದನ್ನು ಹೇಳಿಕೊಡುವವಳು ಎಂಟನೇ ತರಗತಿಯ ಹುಡುಗಿ. ಕಲಿಸಲು ಬಂದವಳು ಹೊಸಲು ದಾಟಿದ ಕೂಡಲೇ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲ್ಲವಳಾಗುತ್ತಾಳೆ. ಒಲೆ ಹೊತ್ತಿಸಲು ಬಾರದು, ಸೌದೆಯ ಹೊರೆ ಎತ್ತಲಾಗದು, ಮಾತು ತೊದಲು.

ಈ ಅಸಹಾಯಕತೆಯೇ ಆತಿಥೇಯ ಮನೆಯ ನಿಜವಾದ ಪ್ರಯೋಜನ. ಯಾಕೆಂದರೆ ವಿದೇಶಿ ಸ್ವಯಂಸೇವೆಯ ಮೇಲಿರುವ ಅತಿ ದೊಡ್ಡ ಆರೋಪಕ್ಕೆ ಒಂದಿಷ್ಟಾದರೂ ಉತ್ತರ ಸಿಗುವುದು ಇಲ್ಲಿಯೇ. ಆ ಆರೋಪವನ್ನು ಎಲ್ಲರಿಗಿಂತ ಖಾರವಾಗಿ ಮಾಡಿದವನು ಇವಾನ್ ಇಲಿಚ್. ಆಸ್ಟ್ರಿಯಾದಲ್ಲಿ ಹುಟ್ಟಿ ಪಾದ್ರಿಯಾಗಿ ಮೆಕ್ಸಿಕೋದ ಕುಯೆರ್ನವಾಕಾದಲ್ಲಿ ನೆಲೆಸಿದ್ದ ಆತ, 1968ರ ಏಪ್ರಿಲ್‌ನಲ್ಲಿ ಅಲ್ಲಿನ ಹಳ್ಳಿಗಳಿಗೆ ಬೇಸಿಗೆಯ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡೇ ಅವರ ಸದುದ್ದೇಶವನ್ನು ಚಿಂದಿ ಮಾಡಿದ. ನೀವು ತಂದಿರುವುದು ನೆರವಲ್ಲ, ನಿಮ್ಮ ಜೀವನಶೈಲಿಯ ಜಾಹೀರಾತು. ನಿಮ್ಮನ್ನು ಹೊರಗೆ ಹೋಗಿ ಎನ್ನುವ ಶಕ್ತಿಯೂ ಈ ಬಡವರಿಗಿಲ್ಲ. ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಆತನ ಮಾತಿನ ತಿರುಳು. ಐವತ್ತು ವರ್ಷ ದಾಟಿದರೂ ಈ ಮಾತಿಗೆ ಪೂರ್ತಿ ಉತ್ತರ ಹುಟ್ಟಿಲ್ಲ. ಭಾಷೆ ಬಾರದ, ಕಸುಬು ತಿಳಿಯದ ತರುಣನೊಬ್ಬ ಮೂರು ತಿಂಗಳಲ್ಲಿ ಒಂದು ಊರಿಗೆ ಏನು ಕೊಡಬಲ್ಲ? ಅವನು ಕಟ್ಟುವ ಗೋಡೆಯನ್ನು ಊರಿನ ಗಾರೆಯವನು ಅರ್ಧ ದಿನದಲ್ಲಿ ನೆಟ್ಟಗೆ ಕಟ್ಟುತ್ತಾನೆ. ಅವನ ವಿಮಾನದ ಟಿಕೆಟಿನ ದುಡ್ಡಿನಲ್ಲಿ ಅಂಥ ಹಲವು ಗೋಡೆ ಏಳುತ್ತವೆ.

ಇಲಿಚ್ ಹೇಳಿದ್ದು ಕೊಡುವವರ ಅಹಂಕಾರದ ಬಗ್ಗೆ. ಆತಿಥೇಯ ಮನೆ ಸ್ವಯಂಸೇವಕನನ್ನು ಪಡೆಯುವವನ ಜಾಗದಲ್ಲಿ ಕೂರಿಸುತ್ತದೆ. ಹಸಿವಾದಾಗ ಕೇಳಬೇಕು, ಜ್ವರ ಬಂದಾಗ ಇನ್ನೊಬ್ಬರು ಕಾಸಿಕೊಟ್ಟ ಗಂಜಿ ಕುಡಿಯಬೇಕು, ತಪ್ಪು ಮಾಡಿದಾಗ ಬೈಸಿಕೊಳ್ಳಬೇಕು. ಆ ಮನೆಯವರು ಅವನನ್ನು ಮಗ ಎಂದೋ ತಮ್ಮ ಎಂದೋ ಕರೆದರೆ ಅದರಲ್ಲಿ ಪ್ರೀತಿಯ ಜೊತೆಗೆ ಹೊಣೆಯೂ ಬರುತ್ತದೆ. ದಸೈಂ ಹಬ್ಬದಲ್ಲಿ ಹಿರಿಯರ ಮುಂದೆ ತಲೆಬಾಗಿ ಅಕ್ಷತೆಯ ಟೀಕಾ, ಜವೆಯ ಮೊಳಕೆಯ ಜಮರಾ ಪಡೆಯಬೇಕು. ತಿಹಾರ್ ಹಬ್ಬದಲ್ಲಿ ಭಾಯಿಟೀಕಾ ಇಟ್ಟ ಅಕ್ಕತಂಗಿಯರಿಗೆ ಉಡುಗೊರೆ ಕೊಡಬೇಕು. ಕತ್ತಲಾಗುವುದರೊಳಗೆ ಮನೆ ಸೇರಬೇಕು, ಸೇರದಿದ್ದರೆ ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ತನ್ನ ದೇಶದಲ್ಲಿ ಹದಿನೆಂಟಕ್ಕೇ ಸ್ವತಂತ್ರನಾದವನಿಗೆ ಇದು ಉಸಿರುಗಟ್ಟಿಸುತ್ತದೆ. ಉಸಿರುಗಟ್ಟಿದಾಗಲೇ ಅವನಿಗೆ ಗೊತ್ತಾಗುವುದು, ತಾನು ಯಾರಿಗೆ ಪಾಠ ಹೇಳಲು ಬಂದಿದ್ದೇನೋ ಆ ಹೆಣ್ಣುಮಕ್ಕಳು ಸಂಜೆ ಟ್ಯೂಷನ್ನಿಗೆ ಯಾಕೆ ಬರಲಾರರು ಎಂಬುದು. ಯಾವ ಸರ್ವೆಯ ಪ್ರಶ್ನಾವಳಿಯೂ ಇದನ್ನು ಅಷ್ಟು ಚೆನ್ನಾಗಿ ಹೇಳಿಕೊಡದು.

ಹಾಗೆಂದು ಮನೆಯೊಳಗಿನ ಈ ತಲೆಕೆಳಗು ಲೋಕದ ಏರುಪೇರನ್ನು ಸರಿಮಾಡಿಬಿಡುತ್ತದೆ ಎಂದು ನಂಬಬೇಕಿಲ್ಲ. ಪಾಸ್‌ಪೋರ್ಟು, ವಿಮೆ, ಮರಳುವ ಟಿಕೆಟು ಅವನ ಚೀಲದಲ್ಲಿಯೇ ಇರುತ್ತವೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹಬ್ಬಿದಾಗ ಪೀಸ್ ಕೋರ್ ಸುಮಾರು 7,000 ಸ್ವಯಂಸೇವಕರನ್ನು ಕೆಲವೇ ದಿನಗಳಲ್ಲಿ ತಾಯ್ನಾಡಿಗೆ ಕರೆಸಿಕೊಂಡಿತು. ಅವರನ್ನು ಮಗ, ಮಗಳು ಎಂದು ಕರೆದವರು ಇದ್ದಲ್ಲೇ ಉಳಿದರು. ಇದಕ್ಕಿಂತ ಕಣ್ಣಿಗೆ ರಾಚುವ ಇನ್ನೊಂದು ಸಂಗತಿಯಿದೆ. ನೇಪಾಳದ ಎಷ್ಟೋ ಹಳ್ಳಿಮನೆಗಳಲ್ಲಿ ಅತಿಥಿಗೆ ಒಂದು ಕೋಣೆ ತೆರವಾಗಿ ಸಿಗುವುದಕ್ಕೆ ಕಾರಣ, ಆ ಕೋಣೆಯ ಮಗ ಕತಾರಿನಲ್ಲೋ ಮಲೇಷ್ಯಾದಲ್ಲೋ ದುಡಿಯುತ್ತಿರುವುದು. ಹೊರಗೆ ದುಡಿಯುವವರು ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಕಾಲುಭಾಗದಷ್ಟಿದೆ. ಒಬ್ಬ ತರುಣ ಸೇವೆಗೆಂದು ಗಡಿ ದಾಟಿ ಬರುತ್ತಾನೆ. ಅವನು ಮಲಗುವ ಮಂಚದ ಹುಡುಗ ಕೂಲಿಗೆಂದು ಗಡಿ ದಾಟಿ ಹೋಗಿದ್ದಾನೆ. ಮೊದಲನೆಯವನನ್ನು ಕರೆದೊಯ್ಯಲು ವಿಮಾನ ನಿಲ್ದಾಣಕ್ಕೆ ಸಂಸ್ಥೆಯ ಜೀಪು ಬರುತ್ತದೆ. ಎರಡನೆಯವನು ಸಾಲ ಮಾಡಿ ಏಜೆಂಟನಿಗೆ ದುಡ್ಡು ಕೊಟ್ಟು ಹೋಗಿರುತ್ತಾನೆ. ಆತಿಥೇಯ ಮನೆಯಲ್ಲಿ ಇದ್ದೂ ಇದನ್ನು ಕಾಣದೆ ಬಂದವನು ಅಲ್ಲಿ ಇರಲೇ ಇಲ್ಲ ಎನ್ನಬೇಕು.

ಕಂಡದ್ದನ್ನು ಯಾರಿಗೆ, ಹೇಗೆ ಹೇಳಬೇಕು ಎಂಬುದೂ ಈ ಸಂಬಂಧದ ಒಂದು ಭಾಗ. 1961ರ ಅಕ್ಟೋಬರಿನಲ್ಲಿ, ಪೀಸ್ ಕೋರ್ ಹುಟ್ಟಿದ ವರ್ಷವೇ, ನೈಜೀರಿಯಾದ ಇಬಾದಾನಿನಲ್ಲಿ ತರಬೇತಿಯಲ್ಲಿದ್ದ ಮಾರ್ಜರಿ ಮೈಕೆಲ್‌ಮೋರ್ ಎಂಬ ಯುವತಿ ಗೆಳೆಯನಿಗೆ ಒಂದು ಪೋಸ್ಟ್‌ಕಾರ್ಡ್ ಬರೆದಳು. ಅಲ್ಲಿನ ಕೊಳಕು, ಹಿಂದುಳಿದ ಬದುಕು ಕಂಡು ದಂಗಾದ ಮಾತು ಅದರಲ್ಲಿತ್ತು. ಕಾರ್ಡು ಅಂಚೆ ಸೇರುವ ಮೊದಲೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅವರು ಪ್ರತಿ ಮಾಡಿ ಹಂಚಿದರು, ಪ್ರತಿಭಟಿಸಿದರು. ಆಕೆ ಊರಿಗೆ ಮರಳಬೇಕಾಯಿತು. ಅವಳು ಬರೆದುದರಲ್ಲಿ ಸುಳ್ಳಿತ್ತೇ ಎಂದು ಕೇಳಿದರೆ ತರ್ಕ ದಾರಿ ತಪ್ಪುತ್ತದೆ. ಬಂದು ಕೆಲವೇ ವಾರಗಳಾದವಳು, ಇನ್ನೂ ಯಾರ ಮನೆಯ ಅನ್ನದ ಋಣವನ್ನೂ ಹೊರದವಳು, ಹೊರಗೆ ನಿಂತು ತೀರ್ಪು ಕೊಟ್ಟಳು ಎಂಬುದೇ ಆ ವಿದ್ಯಾರ್ಥಿಗಳನ್ನು ಕೆರಳಿಸಿದ್ದು. ಇಂದು ಪೋಸ್ಟ್‌ಕಾರ್ಡಿನ ಜಾಗಕ್ಕೆ ಮೊಬೈಲ್ ಬಂದಿದೆ. ಆತಿಥೇಯ ಮನೆಯ ಮಗುವಿನ ಸಿಂಬಳದ ಮೂಗು, ಹೊಗೆ ಹಿಡಿದ ಒಲೆ, ಅಜ್ಜಿಯ ಸುಕ್ಕುಮುಖ ಎಲ್ಲವೂ ಫೋಟೋ ಆಗಿ ಸಂಜೆಯೊಳಗೆ ಸಾವಿರ ಜನರ ಮುಂದೆ ಹೋಗುತ್ತವೆ. ಒಂದು ಸರಳ ನಿಯಮ ಸಾಕು: ನಿಮ್ಮ ಸ್ವಂತ ಅಕ್ಕನ ಅಡುಗೆಮನೆಯ ಯಾವ ಚಿತ್ರವನ್ನು ಅವಳನ್ನು ಕೇಳದೆ ಹಾಕಲಾರಿರೋ, ಅದನ್ನು ಇಲ್ಲಿಯೂ ಹಾಕಬೇಡಿ. ಈಗ ಆ ಅಕ್ಕನ ಕೈಯಲ್ಲೂ ಮೊಬೈಲ್ ಇದೆ. ನೀವು ಹಾಕಿದ್ದನ್ನು ಅವಳೂ ನೋಡುತ್ತಾಳೆ.

ಇನ್ನು ಈ ಏರ್ಪಾಡಿನ ಖರ್ಚಿನ ವಿಚಾರ. ಅತಿಥಿ ಬಂದ ಮನೆಯಲ್ಲಿ ಅಕ್ಕಿ, ಸೌದೆ ಎರಡೂ ಹೆಚ್ಚು ಬೇಕು. ನೀರು ಕುದಿಸಿ ಆರಿಸಿ ಇಡಬೇಕು. ಖಾರ ತಿನ್ನದವನಿಗೆ ಬೇರೆ ಪಲ್ಯ ತೆಗೆದಿಡಬೇಕು. ಅವನು ಕಾಯಿಲೆ ಬಿದ್ದರೆ ಇಡೀ ಊರಿಗೆ ಉತ್ತರ ಹೇಳಬೇಕು. ಅತಿಥಿಯೂ ಗಂಡಸರೂ ಮಕ್ಕಳೂ ಉಂಡ ಮೇಲೆ ಮನೆಯೊಡತಿ ಕೊನೆಗೆ ಉಣ್ಣುವ ಮನೆಗಳಲ್ಲಿ, ಬಡಿಸಿಕೊಂಡವರ ಸಂಖ್ಯೆ ಒಂದು ಹೆಚ್ಚಿದರೆ ಅವಳ ಪಾಲು ಅಷ್ಟು ಕಡಿಮೆಯಾಗುತ್ತದೆ. ಸ್ವಯಂಸೇವಕನ ಕೆಲಸದ ಗಂಟೆಗಳನ್ನು ಬರೆದಿಡುವ ಸಂಸ್ಥೆಗಳು ಅವಳ ಗಂಟೆಗಳನ್ನು ಬರೆದಿಡುವುದಿಲ್ಲ. ಸೇವೆಗೆ ಸಂಬಳವಿಲ್ಲದ ದುಡಿಮೆ ಎಂದು ಅರ್ಥ ಹೇಳುವುದಾದರೆ, ಈ ಇಡೀ ವ್ಯವಹಾರದಲ್ಲಿ ಆ ಹೆಸರಿಗೆ ಮೊದಲ ಹಕ್ಕುದಾರಳು ಅವಳೇ.

ಹಾಗಾದರೆ ಅವಳಿಗೆ ಹಣ ಕೊಡಬೇಕೇ? ಕೊಟ್ಟರೆ ಆತಿಥ್ಯ ವ್ಯಾಪಾರವಾಗುತ್ತದೆ, ಮನೆ ಲಾಡ್ಜಾಗುತ್ತದೆ ಎಂಬ ಆಕ್ಷೇಪವಿದೆ. ಕೊಡಗು, ಮಲೆನಾಡಿನ ಹೋಂಸ್ಟೇಗಳನ್ನು ಕಂಡವರಿಗೆ ಈ ಆತಂಕ ತೀರಾ ಅಪರಿಚಿತವಲ್ಲ. ಆದರೂ ಹಣ ಕೊಡಬೇಕು ಎಂಬ ಪಕ್ಷವೇ ನ್ಯಾಯದ್ದು. ಅತಿಥಿ ದೇವರು ಎಂಬ ಮಾತು ಎರಡು ದಿನ ತಂಗುವವನಿಗೆ ಸರಿ. ಎರಡು ವರ್ಷ ಉಳಿಯುವವನ ದೈವತ್ವದ ವೆಚ್ಚವನ್ನು ಗೇಣಿಗೆ ಹೊಲ ಮಾಡುವ ಸಂಸಾರದ ಮೇಲೆ ಹೊರಿಸುವುದು ಸಂಸ್ಕೃತಿಯ ಹೆಸರಿನ ಜಿಪುಣತನ. ಕೇಳಬೇಕಾದ ಪ್ರಶ್ನೆಗಳು ಬೇರೆ. ಹಣ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿದೆಯೇ? ಮಧ್ಯವರ್ತಿ ಎಷ್ಟು ಇಟ್ಟುಕೊಳ್ಳುತ್ತಾನೆ? ಅದು ಅಡುಗೆ ಮಾಡುವವಳ ಕೈಗೆ ಸೇರುತ್ತದೆಯೋ, ಗಂಡನ ಜೇಬಿಗೋ? ಇನ್ನೊಂದು ಪ್ರಶ್ನೆ, ಊರಿನಲ್ಲಿ ಒಂದೇ ಮನೆಗೆ ಮತ್ತೆ ಮತ್ತೆ ಅತಿಥಿಗಳು ಸಿಗುತ್ತಾರೆಯೇ? ನೇಪಾಳದ ಸ್ಯಾಂಜಾ ಜಿಲ್ಲೆಯ ಸಿರುಬಾರಿ ಎಂಬ ಗುರುಂಗ್ ಸಮುದಾಯದ ಹಳ್ಳಿ 1997ರಲ್ಲಿ ಪ್ರವಾಸಿಗರಿಗೆ ಮನೆ ತೆರೆದಾಗ, ಅತಿಥಿಗಳನ್ನು ಯಾವ ಮನೆಗೆ ಕಳಿಸಬೇಕೆಂದು ಊರಿನ ಸಮಿತಿಯೇ ಸರದಿಯ ಪ್ರಕಾರ ತೀರ್ಮಾನಿಸುವ ಪದ್ಧತಿ ಮಾಡಿಕೊಂಡಿತು. ಮನೆಮನೆಯ ನಡುವೆ ಪೈಪೋಟಿ ಹುಟ್ಟದಿರಲಿ ಎಂಬ ಎಚ್ಚರ ಅದು. ಸ್ವಯಂಸೇವಾ ಸಂಸ್ಥೆಗಳು ಹಳ್ಳಿಗಳಿಗೆ ಕಲಿಸಲು ಹೋಗುವ ಮೊದಲು ಹಳ್ಳಿಗಳಿಂದ ಕಲಿಯಬಹುದಾದ ಪಾಠವೂ ಹೌದು.

ಯಾವ ಮನೆ ಎಂಬ ಪ್ರಶ್ನೆಗೆ ಇನ್ನೊಂದು ಮುಖವಿದೆ, ಅದು ಜಾತಿಯದು. ಸಂಸ್ಥೆಗಳು ಮನೆ ಆರಿಸುವಾಗ ಪ್ರತ್ಯೇಕ ಕೋಣೆ, ಶೌಚಾಲಯ, ಬೀಗ ಹಾಕುವ ಬಾಗಿಲು ಕೇಳುತ್ತವೆ. ಬೇಡಿಕೆ ಸರಿಯಾದದ್ದೇ, ಆದರೆ ಇವೆಲ್ಲ ಇರುವುದು ಊರಿನ ಅನುಕೂಲಸ್ಥರ, ಹೆಚ್ಚಾಗಿ ಮೇಲ್ಜಾತಿಯವರ ಮನೆಗಳಲ್ಲಿ. ಅಲ್ಲಿ ಇಳಿದುಕೊಂಡವನು ಊರನ್ನು ಆ ಜಗಲಿಯಿಂದಲೇ ನೋಡುತ್ತಾನೆ. 1854ರ ನೇಪಾಳದ ಮುಲುಕಿ ಐನ್, ಅಂದರೆ ಅಲ್ಲಿನ ಮೊದಲ ಲಿಖಿತ ಕಾನೂನು ಸಂಹಿತೆ, ಯುರೋಪಿಯನ್ನರನ್ನು ಮ್ಲೇಚ್ಛರೆಂದು ನೀರು ಮುಟ್ಟಿಸಿಕೊಳ್ಳಬಾರದವರ ಸಾಲಿನಲ್ಲಿ ಇಟ್ಟಿತ್ತು. ಇಂದು ಅದೇ ಮ್ಲೇಚ್ಛರ ಮೊಮ್ಮಗಳು ಬ್ರಾಹ್ಮಣರ ಅಡುಗೆಮನೆಯಲ್ಲಿ ಕುಳಿತು ಸೊಪ್ಪು ಹೆಚ್ಚುತ್ತಾಳೆ. ಕಾಲ ಬದಲಾಗಿದೆ, ಸಂತೋಷ. ಆದರೆ ಆ ಮನೆಯ ಬಟ್ಟೆ ಹೊಲಿಯುವ ದಮಾಯಿ, ಕುಡುಗೋಲು ಮಾಡಿಕೊಡುವ ಕಾಮಿ ಎಷ್ಟೋ ಕಡೆ ಇನ್ನೂ ಅಂಗಳದಲ್ಲೇ ನಿಲ್ಲುತ್ತಾರೆ. ಅಸ್ಪೃಶ್ಯತೆಯ ವಿರುದ್ಧ 2011ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದ್ದರೂ ಹೀಗೆ. ಪರದೇಶದವಳು ದಾಟಿದ ಹೊಸಲನ್ನು ಪಕ್ಕದ ಕೇರಿಯವಳು ದಾಟಲಾಗದು ಎಂಬುದನ್ನು ಗಮನಿಸದ ಹೊಂದಾಣಿಕೆ, ಹೊಂದಾಣಿಕೆಯಲ್ಲ. ಆ ಜಾತಿಯ ಸದಸ್ಯತ್ವ. ಇದನ್ನು ಓದಿ ನೇಪಾಳದ ಬಗ್ಗೆ ತಲೆಯಾಡಿಸುವ ಮುನ್ನ, ನಮ್ಮ ಊರಿಗೆ ಜರ್ಮನಿಯ ಹುಡುಗಿಯೊಬ್ಬಳು ಬಂದರೆ ಅವಳನ್ನು ಯಾವ ಕೇರಿಯ ಮನೆಯಲ್ಲಿ ಇಳಿಸುತ್ತೇವೆ ಎಂದು ಕೇಳಿಕೊಂಡರೆ ಸಾಕು.

ಇಲ್ಲಿಗೆ ಹೊಂದಾಣಿಕೆಯ ಮಿತಿ ಯಾವುದು ಎಂಬ ಪ್ರಶ್ನೆ ಬರುತ್ತದೆ. ಮುಟ್ಟಾದ ಹೆಂಗಸು ಅಡುಗೆಮನೆಗೆ ಬರಬಾರದು ಎಂಬ ಮನೆ ಅನೇಕ. ನಮ್ಮಲ್ಲೂ 'ಹೊರಗಾದ' ಮೂರು ದಿನ ಚಾಪೆ ಬೇರೆ, ಲೋಟ ಬೇರೆ ಎಂದು ಬೆಳೆದವರು ಇನ್ನೂ ಇದ್ದಾರೆ. ನೇಪಾಳದ ಪಶ್ಚಿಮ ಭಾಗದಲ್ಲಿ ಹೆಂಗಸನ್ನು ಬೇರೆ ಗುಡಿಸಲಿಗೇ ಕಳಿಸುವ ಛೌಪಡಿ ಪದ್ಧತಿಯಿತ್ತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಅದನ್ನು ನಿಷೇಧಿಸಿತು, 2017ರ ದಂಡಸಂಹಿತೆ ಅದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಇಷ್ಟಾದರೂ ಗುಡಿಸಲುಗಳು ಪೂರ್ತಿ ಇಲ್ಲವಾಗಿಲ್ಲ. ಆತಿಥೇಯ ಮನೆಯಲ್ಲಿ ಸ್ವಯಂಸೇವಕಿ ಏನು ಮಾಡಬೇಕು? ಮನೆಯ ರೀತಿ ಎಂದು ತಾನೂ ಹೊರಗೆ ಕೂರಬೇಕೇ, ಅಥವಾ ಇದು ಅನ್ಯಾಯ ಎಂದು ಮನೆಯವರ ಮುಂದೆ ಸಾರಬೇಕೇ? ಎರಡೂ ಸುಲಭದ ದಾರಿಗಳು. ತನ್ನ ಮೈಗೆ ಸಂಬಂಧಿಸಿದ್ದನ್ನು ತಾನು ಹೇಳುವ, ಹೇಳದಿರುವ ಹಕ್ಕು ಅವಳಿಗಿದೆ. ಆದರೆ ಆ ಮನೆಯ ಸೊಸೆಯ ಪರವಾಗಿ ಅವಳು ಹೂಡುವ ಜಗಳದ ಬೆಲೆಯನ್ನು ತೆರುವವಳು ಸೊಸೆ, ಅದೂ ಸ್ವಯಂಸೇವಕಿ ವಿಮಾನ ಹತ್ತಿದ ಮೇಲೆ. ಬದಲಾವಣೆಯ ಮಾತು ಮನೆಯೊಳಗಿನವರಿಂದ ಏಳಬೇಕು. ಎದ್ದಾಗ ಅವರ ಪಕ್ಕಕ್ಕೆ ನಿಲ್ಲುವ ಸಲಿಗೆ ಹೊರಗಿನವಳಿಗೆ ಇರಬೇಕು. ಆ ಸಲಿಗೆ ಬರುವುದು ಎರಡು ಮಳೆಗಾಲ ಒಟ್ಟಿಗೆ ಉಂಡ ಮೇಲೆ. ಇದಕ್ಕೆ ಒಂದೇ ವಿನಾಯಿತಿ: ಯಾರದಾದರೂ ಜೀವಕ್ಕೆ ಅಪಾಯವಿದ್ದಲ್ಲಿ ಮನೆಯ ಮರ್ಯಾದೆಯ ಹೆಸರಿನಲ್ಲಿ ಸುಮ್ಮನಿರುವುದು ತಪ್ಪು.

ಮನೆಯಲ್ಲಿ ಇರುವುದಕ್ಕೂ ಸಂಸ್ಥೆಯಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ನೇಪಾಳ, ಕಾಂಬೋಡಿಯಾಗಳ ಅನಾಥಾಶ್ರಮಗಳನ್ನು ನೋಡಬೇಕು. ಅಲ್ಲಿನ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂದು ಯುನಿಸೆಫ್ ಮತ್ತಿತರ ಸಂಸ್ಥೆಗಳು ಹೇಳುತ್ತಲೇ ಬಂದಿವೆ. ಹಣ ಕೊಟ್ಟು ಬರುವ ವಿದೇಶಿ ಸ್ವಯಂಸೇವಕರಿಗೆ ಮುದ್ದಿಸಲು ಮಕ್ಕಳು ಬೇಕು, ಆದ್ದರಿಂದ ಮಕ್ಕಳನ್ನು ಹಳ್ಳಿಗಳಿಂದ ತರುವ ದಂಧೆ ಹುಟ್ಟಿಕೊಂಡಿತು. ಅಲ್ಲಿ ಎಲ್ಲವೂ ಬಂದವನ ಸಂತೋಷಕ್ಕಾಗಿ ಅಣಿಯಾಗಿರುತ್ತದೆ. ಒಳ್ಳೆಯ ಆತಿಥೇಯ ಮನೆ ಇದಕ್ಕೆ ತದ್ವಿರುದ್ಧ. ಅದಕ್ಕೆ ತನ್ನದೇ ಬದುಕಿದೆ. ಭತ್ತದ ನಾಟಿ ಬಂದರೆ ಯಾರಿಗೂ ನಿಮ್ಮೊಡನೆ ಮಾತಾಡಲು ಪುರಸೊತ್ತಿಲ್ಲ. ಎಮ್ಮೆ ಕರು ಹಾಕಿದ ದಿನ ನಿಮ್ಮ ಹುಟ್ಟುಹಬ್ಬ ಯಾರಿಗೂ ನೆನಪಿರುವುದಿಲ್ಲ. ಆ ಉಪೇಕ್ಷೆ ಒಳ್ಳೆಯದು. ಅತಿಥಿಯ ಸುತ್ತ ತಿರುಗದ ಮನೆಯಷ್ಟೇ ಅತಿಥಿಗೆ ಏನಾದರೂ ಕಲಿಸಬಲ್ಲದು.

ಈವರೆಗೆ ಹೇಳಿದ್ದು ಬಿಳಿಯರು ಬೆಟ್ಟದ ಹಳ್ಳಿಗೆ ಬರುವ ಕಥೆ. ಈಗ ದಾರಿ ಎದುರು ದಿಕ್ಕಿಗೂ ತೆರೆದಿದೆ. ಜರ್ಮನ್ ಸರ್ಕಾರ 2008ರಲ್ಲಿ 'ವೆಲ್ಟ್‌ವೇರ್ಟ್ಸ್' ಎಂಬ ಯೋಜನೆಯಡಿ ತನ್ನ ತರುಣರನ್ನು ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಕಳಿಸತೊಡಗಿತು; ಕೆಲವು ವರ್ಷಗಳ ನಂತರ ಅದೇ ಯೋಜನೆಯಡಿ ಆ ದೇಶಗಳ ತರುಣರನ್ನು ಜರ್ಮನಿಗೂ ಕರೆಸಿಕೊಳ್ಳತೊಡಗಿತು. ಹೀಗೆ ಹೋದ ಭಾರತದ ಹುಡುಗ ಹುಡುಗಿಯರು ವೃದ್ಧಾಶ್ರಮಗಳಲ್ಲಿ, ಶಿಶುವಿಹಾರಗಳಲ್ಲಿ, ಅಂಗವಿಕಲರ ವಸತಿಗಳಲ್ಲಿ ಒಂದು ವರ್ಷ ಕೆಲಸ ಮಾಡುತ್ತಾರೆ, ಹಲವರು ಆತಿಥೇಯ ಕುಟುಂಬಗಳಲ್ಲಿ ಇರುತ್ತಾರೆ. ಧಾರವಾಡದ ಹುಡುಗನೊಬ್ಬ ಅಲ್ಲಿಗೆ ಹೋದನೆನ್ನಿ. ಸಂಜೆ ಬಿಸಿ ಊಟವಿಲ್ಲ. ಬ್ರೆಡ್ಡು, ಚೀಸು, ಸೌತೆಕಾಯಿ. 'ಇನ್ನೊಂದಿಷ್ಟು ಹಾಕಿಕೊಳ್ಳಿ' ಎಂದು ಯಾರೂ ಮೂರು ಸಲ ಒತ್ತಾಯಿಸುವುದಿಲ್ಲ. ಸಂಕೋಚದಿಂದ ಒಮ್ಮೆ ಬೇಡ ಎಂದರೆ ಅರೆಹೊಟ್ಟೆಯಲ್ಲಿ ಮಲಗಬೇಕಾದೀತು. ಕಾಗದಕ್ಕೆ ಒಂದು ಡಬ್ಬ, ಪ್ಲಾಸ್ಟಿಕ್ ಪೊಟ್ಟಣಕ್ಕೆ ಒಂದು, ಸಿಪ್ಪೆ–ಗೊರಟಿಗೆ ಇನ್ನೊಂದು. 25 ಸೆಂಟ್ ಠೇವಣಿಯಿರುವ ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಮರಳಿಸಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಸದ್ದು ಮಾಡುವಂತಿಲ್ಲ. ಜನವರಿಯ ಚಳಿಯಲ್ಲೂ ದಿನಕ್ಕೆ ಒಂದೆರಡು ಸಲ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸಬೇಕು. ಮನೆಯವರು ತಂತಮ್ಮ ಕೋಣೆಯ ಬಾಗಿಲು ಹಾಕಿಕೊಂಡರೆ ಅದು ಮುನಿಸಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠವೆಂದರೆ ಮನೆಗೆಲಸದ ಸರದಿ. ಆ ಮನೆಯ ಗಂಡಸು ಪಾತ್ರೆ ತೊಳೆಯುತ್ತಾನೆ, ಹದಿನೈದರ ಮಗ ಕಸ ಹೊರಗಿಡುತ್ತಾನೆ, ಶೌಚಾಲಯ ತೊಳೆಯುವ ಸರದಿ ಅತಿಥಿಗೂ ಬರುತ್ತದೆ. ತನ್ನೂರಿನಲ್ಲಿ ಉಂಡ ತಟ್ಟೆಯನ್ನು ಎತ್ತಿ ಸಿಂಕಿಗೆ ಹಾಕದೆ ಬೆಳೆದ ಹುಡುಗನಿಗೆ, ಅವ್ವ ಇಪ್ಪತ್ತು ವರ್ಷ ಏನು ಮಾಡಿದಳು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ವೃದ್ಧಾಶ್ರಮದಲ್ಲಿ ಅವನು ಮಾಡುವ ಸೇವೆಗೆ ಪ್ರಮಾಣಪತ್ರ ಸಿಗುತ್ತದೆ, ಈ ಕಲಿಕೆಗೆ ಸಿಗದು. ಹಾಗಿದ್ದರೂ ಊರಿಗೆ ಮರಳಿದ ಮೇಲೆ ಉಪಯೋಗಕ್ಕೆ ಬರಬೇಕಾದದ್ದು ಇದೇ. ನೇಪಾಳದಲ್ಲಿರಲಿ, ಜರ್ಮನಿಯಲ್ಲಿರಲಿ, ಮನೆ ಕೊನೆಗೆ ತೋರಿಸಿಕೊಡುವುದು ಒಂದನ್ನೇ: ಯಾರು ಕೂತು ಉಣ್ಣುತ್ತಾರೆ, ಯಾರು ನಿಂತು ಬಡಿಸುತ್ತಾರೆ.

ಆದ್ದರಿಂದ, ಹೊರಡಲು ಅಣಿಯಾಗಿರುವ ತರುಣರಿಗೆ, ಅವರನ್ನು ಕಳಿಸುವ ಹೆತ್ತವರಿಗೆ ಒಂದು ಮಾತು. ಅಲ್ಲಿ ನಾನೇನು ಕೆಲಸ ಮಾಡುತ್ತೇನೆ ಎಂದು ಸಂಸ್ಥೆಯನ್ನು ಕೇಳುವ ಮೊದಲು ನಾನು ಯಾರ ಮನೆಯಲ್ಲಿರುತ್ತೇನೆ, ಆ ಮನೆಯನ್ನು ಹೇಗೆ ಆರಿಸಿದಿರಿ, ಅಡುಗೆ ಮಾಡುವವರ ಕೈಗೆ ಎಷ್ಟು ಸೇರುತ್ತದೆ, ನಾನು ಸರಿಹೋಗದಿದ್ದರೆ ಬೇಡ ಎನ್ನುವ ಹಕ್ಕು ಅವರಿಗಿದೆಯೇ ಎಂದು ಕೇಳಿ. ಉತ್ತರ ಕೊಡಲಾಗದ ಸಂಸ್ಥೆಯ ಮೂಲಕ ಹೋಗಬೇಡಿ. ಹೋದ ಮೇಲೆ ಮೊದಲ ತಿಂಗಳು ಏನನ್ನೂ ಸುಧಾರಿಸಲು ಹೊರಡಬೇಡಿ. ನೀರು ಹೊರಿ, ತಟ್ಟೆ ತೊಳೆಯಿರಿ, ಬೈಸಿಕೊಳ್ಳಿ. ಮೂರು ವಾರದ ಪ್ರವಾಸಕ್ಕೆ ಸೇವೆ ಎಂದು ಹೆಸರಿಡದೆ ಪ್ರವಾಸ ಎಂದೇ ಕರೆಯಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ಹೊರಡದೆ ಇಲ್ಲೇ ಇರುವ ನಮಗೂ ಒಂದು ಮಾತಿದೆ. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ವೀಸಾ ಇಲ್ಲದೆ ಬಂದು ದುಡಿಯುವ ನೇಪಾಳಿಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ಹೋಟೆಲುಗಳ ಅಡುಗೆಮನೆಯಲ್ಲಿ ನಿತ್ಯ ಕಾಣುತ್ತಾರೆ. ಅವರ ಊರುಗಳ ಮನೆಗಳು ಲೋಕದ ಯಾವುದೋ ಮೂಲೆಯ ಹುಡುಗರಿಗೆ ಅರವತ್ತು ವರ್ಷಗಳಿಂದ ಅನ್ನ ಹಾಕಿವೆ. ಅವರಿಗೆ ಇಲ್ಲಿ ಆತಿಥೇಯ ಕುಟುಂಬವಿಲ್ಲ, ತರಬೇತಿಯ ಮೂರು ತಿಂಗಳಿಲ್ಲ, ಕಷ್ಟ ಬಂದರೆ ಕರೆದೊಯ್ಯುವ ವಿಮಾನವಿಲ್ಲ. ದಸೈಂ ಹಬ್ಬ ನಮ್ಮ ದಸರಾ ದಿನಗಳಲ್ಲೇ ಬರುತ್ತದೆ. ಪರದೇಶಕ್ಕೆ ಹೋಗಿ ಆತಿಥ್ಯದ ಪಾಠ ಕಲಿಯುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಗೇಟಿನಲ್ಲಿರುವವನನ್ನು ಆ ದಿನ ಊಟಕ್ಕೆ ಒಳಗೆ ಕರೆಯಲು ಯಾವ ಸಂಸ್ಥೆಯ ಅನುಮತಿಯೂ ಬೇಕಿಲ್ಲ.